ಹಳೆಯ ಗಣಕಯಂತ್ರಕ್ಕೆ ಹೊಸ ಪ್ರೊಸೆಸರ್: ಒಂದು ವಿವೇಚನೆ

ವಾರ್ಷಿಕ ಸಂಚಿಕೆಗೆ ಗಣಕಯಂತ್ರವನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಕೊಡಿಸಿದಾಗ, ಗಣಕಯಂತ್ರದ ಚರಿತ್ರೆಯನ್ನೋ ಭವಿಷ್ಯವನ್ನೋ ಬರೆದು ಕರ್ತವ್ಯ ಮುಗಿಸಬಹುದಾಗಿತ್ತು. ಆದರೆ ಕೆಲವು ವರ್ಷಗಳಿಂದ ಹಳೆಯ ವಿದ್ಯಾರ್ಥಿ ಮಿತ್ರರೂ ದಾನಿಗಳೂ ಈ ಲೇಖಕನನ್ನು ಮತ್ತೆ ಮತ್ತೆ ಕೇಳುತ್ತಿರುವುದು ಬೇರೆಯೇ ಒಂದು ಪ್ರಶ್ನೆಯನ್ನು: "ಮೇಷ್ಟ್ರೇ, ಲ್ಯಾಬಿನ ಕಂಪ್ಯೂಟರುಗಳು ತೀರ ನಿಧಾನವಂತಲ್ಲ, ಒಳ್ಳೆಯ ಪ್ರೊಸೆಸರ್ ತಂದು ಹಾಕಿಸಿದರೆ ಸಾಲದೆ? ಎಷ್ಟಾಗುತ್ತೆ ಹೇಳಿ, ಕಳಿಸುತ್ತೇವೆ." ಕೇಳುವವರ ಔದಾರ್ಯ ದೊಡ್ಡದು; ಪ್ರಶ್ನೆಯೂ ಸಹಜವಾದುದೇ. ಉತ್ತರ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದಲ್ಲ. ಮಠದ ಶಾಲೆಗೆ ಬರುವ ಹಣ ದಾಸೋಹದ ಹಣ. ಅದರಲ್ಲಿ ಅಡಕೆ ತೋಟದವರ ಸಾವಿರವೂ ಇರುತ್ತದೆ, ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ಹೆಣ್ಣುಮಗಳು ಮೊದಲ ಸಂಬಳದಲ್ಲಿ ಎತ್ತಿಟ್ಟು ಕಳಿಸಿದ ಇನ್ನೂರು ರೂಪಾಯಿಯೂ ಇರುತ್ತದೆ. ಆ ಹಣದಿಂದ ಕೊಂಡ ವಸ್ತು ಕೆಲಸಕ್ಕೆ ಬಾರದೆ ಬೀರುವಿನಲ್ಲಿ ಬಿದ್ದರೆ ಕೊಂಡವನಿಗೆ ನಿದ್ರೆ ಬರುವುದಿಲ್ಲ. ಅಂಥ ಒಂದೆರಡು ರಾತ್ರಿಗಳನ್ನು ಕಳೆದವನಾದುದರಿಂದ ಈ ಲೇಖನ.

ನಡೆದುದು 2022ರ ಬೇಸಗೆ ರಜೆಯಲ್ಲಿ. ಬೆಂಗಳೂರಿನ ಕಚೇರಿಯೊಂದು ವಿಲೇವಾರಿ ಮಾಡಿದ ನಾಲ್ಕು ಯಂತ್ರಗಳು ಹಳೆಯ ವಿದ್ಯಾರ್ಥಿಯೊಬ್ಬರ ಮೂಲಕ ನಮಗೆ ಬಂದಿದ್ದವು. ನಾಲ್ಕರಲ್ಲಿಯೂ ಇಂಟೆಲ್ ಸಂಸ್ಥೆಯ ಎರಡನೆಯ ತಲೆಮಾರಿನ ಐ3-2120 ಪ್ರೊಸೆಸರ್. ನಾಲ್ಕು ಮದರ್‌ಬೋರ್ಡುಗಳ ಮೇಲೂ ಎಚ್61 ಎಂಬ ಅಕ್ಷರಗಳು. ಮೂರನೆಯ ತಲೆಮಾರಿನ ಐ5-3470 ಕೂಡ ಅದೇ ಸಾಕೆಟ್ಟಿನಲ್ಲಿ ಕೂರುತ್ತದೆಂದು ಓದಿ ತಿಳಿದಿದ್ದೆ. ಎರಡು ಕೋರುಗಳ ಬದಲು ನಾಲ್ಕು ಕೋರುಗಳು; ಮತ್ತೇನು ಬೇಕು? ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಳಸಿದ ಪ್ರೊಸೆಸರುಗಳು ನಾಲ್ಕನ್ನು ಚೌಕಾಸಿ ಮಾಡಿ ತಂದೆ. ಊರ್ಡಿಗೆರೆಗೆ ಮರಳುವ ಬಸ್ಸಿನಲ್ಲಿ ಅವನ್ನು ತೊಡೆಯ ಮೇಲಿನ ಚೀಲದಲ್ಲಿ ಮೊಟ್ಟೆಗಳಂತೆ ಕಾಪಾಡಿಕೊಂಡು ಬಂದುದು ನೆನಪಿದೆ. ಮರುದಿನ ಜೋಡಿಸಿದಾಗ ಎರಡು ಯಂತ್ರಗಳು ಎದ್ದವು. ಇನ್ನೆರಡರಲ್ಲಿ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಪ್ರೊಸೆಸರುಗಳನ್ನು ಅದಲುಬದಲು ಮಾಡಿದೆ. ರ್ಯಾಮ್ ತೆಗೆದು ಒರೆಸಿ ಹಾಕಿದೆ. ವ್ಯಾಪಾರಿ ಮೋಸ ಮಾಡಿದನೆಂದು ಮನಸ್ಸಿನಲ್ಲಿಯೇ ಬೈದೂ ಆಯಿತು. ಸಂಜೆಯ ಹೊತ್ತಿಗೆ ತಿಳಿದುಬಂದುದು ಇಷ್ಟು: ಪ್ರೊಸೆಸರುಗಳಲ್ಲಿ ದೋಷವಿಲ್ಲ, ಬೋರ್ಡುಗಳಲ್ಲಿಯೂ ದೋಷವಿಲ್ಲ. ಎರಡು ಬೋರ್ಡುಗಳಿಗೆ ಮೂರನೆಯ ತಲೆಮಾರಿನ ಪರಿಚಯವಿತ್ತು, ಇನ್ನೆರಡಕ್ಕೆ ಇರಲಿಲ್ಲ. ಕೊಳ್ಳುವ ಮುನ್ನ ಹತ್ತು ನಿಮಿಷ ಕುಳಿತು ನೋಡಿದ್ದರೆ ಮನೆಯಲ್ಲಿಯೇ ಗೊತ್ತಾಗಬಹುದಾಗಿದ್ದ ಸಂಗತಿ ಅದು.

ಇಲ್ಲಿ ಒಂದು ಪದವನ್ನು ಸರಿಪಡಿಸಿಕೊಂಡು ಮುಂದುವರಿಯುವುದು ಲೇಸು. ನಮ್ಮ ಕಡೆ ಮೇಜಿನ ಕೆಳಗಿನ ಇಡೀ ಪೆಟ್ಟಿಗೆಯನ್ನೇ ಸಿ.ಪಿ.ಯು. ಎನ್ನುವ ರೂಢಿಯಿದೆ. ಪೆಟ್ಟಿಗೆಯ ಹೆಸರು ಕ್ಯಾಬಿನೆಟ್, ಸಿ.ಪಿ.ಯು. ಅಥವಾ ಪ್ರೊಸೆಸರ್ ಎಂಬುದು ಅದರೊಳಗೆ ಮದರ್‌ಬೋರ್ಡಿನ ಮೇಲೆ, ಫ್ಯಾನಿನ ಅಡಿಯಲ್ಲಿ ಅಡಗಿರುವ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಒಂದು ಚೌಕ. ಎಣಿಕೆಯ ಕೆಲಸವೆಲ್ಲ ಅದರದೇ. ದಾನಿಗಳೊಬ್ಬರು "ಒಂದು ಸಿ.ಪಿ.ಯು. ಕೊಡಿಸುತ್ತೇನೆ" ಎಂದಾಗ ಅವರ ಮನಸ್ಸಿನಲ್ಲಿರುವುದು ಪೆಟ್ಟಿಗೆಯೋ ಚೌಕವೋ ಎಂಬುದನ್ನು ಮೊದಲೇ ಕೇಳಿ ತಿಳಿಯುವುದು ಇಬ್ಬರಿಗೂ ಕ್ಷೇಮ.

ಪ್ರೊಸೆಸರ್ ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಇಂಟೆಲ್ ಸಂಸ್ಥೆಯ ಡೆಸ್ಕ್‌ಟಾಪ್ ಸಾಕೆಟ್ಟುಗಳನ್ನು ಅವುಗಳ ಸಂಪರ್ಕಬಿಂದುಗಳ ಎಣಿಕೆಯಿಂದಲೇ ಕರೆಯುವುದು ವಾಡಿಕೆ: 775, 1155, 1150, 1151, 1200, 1700. ಇವುಗಳಲ್ಲಿ ಸೂಜಿಯಂಥ ಸೂಕ್ಷ್ಮ ಕಡ್ಡಿಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಪ್ರೊಸೆಸರಿನ ಅಡಿಯಲ್ಲಿ ಚಪ್ಪಟೆಯಾದ ಹೊಂಬಣ್ಣದ ಚುಕ್ಕೆಗಳು ಮಾತ್ರ. ಎ.ಎಂ.ಡಿ. ಸಂಸ್ಥೆಯ ಎ.ಎಂ.4 ವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಇದು ತಿರುಗುಮುರುಗು: ಕಡ್ಡಿಗಳು ಪ್ರೊಸೆಸರಿನಲ್ಲಿ, ರಂಧ್ರಗಳು ಬೋರ್ಡಿನಲ್ಲಿ. ಎಲ್ಲಿದ್ದರೂ ಒಂದು ಕಡ್ಡಿ ಬಾಗಿದರೆ ಸಾಕು, ಯಂತ್ರ ಮೌನ ತಾಳೀತು. ಪ್ರೊಸೆಸರಿನ ಅಂಚಿನ ಕಚ್ಚುಗಳೂ ಮೂಲೆಯ ಸಣ್ಣ ತ್ರಿಕೋನವೂ ಅದು ಯಾವ ಮುಖವಾಗಿ ಕೂರಬೇಕೆಂಬುದನ್ನು ತೋರಿಸುತ್ತವೆ. ಒತ್ತಿ ಕೂರಿಸುವ ಪ್ರಸಂಗ ಬಂದಿತೆಂದರೆ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ.

ಸಾಕೆಟ್ ಬೇರೆಯಾದರೆ ವಿಚಾರವೇ ಮುಗಿಯಿತು. 1155ರ ಬೋರ್ಡಿಗೆ 2013ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ಹಿಡಿಯುವುದಿಲ್ಲ, ಏಕೆಂದರೆ ಅದರ ಪೀಠ 1150. ಕೇವಲ ಐದು ಬಿಂದುಗಳ ವ್ಯತ್ಯಾಸವೆಂದು ಯಾರೂ ಸಾಹಸಕ್ಕೆ ಕೈಹಾಕಬಾರದು. ಜನರು ಸಾಮಾನ್ಯವಾಗಿ ಇಷ್ಟನ್ನು ಬಲ್ಲರು. ಮೋಸಹೋಗುವುದು ಸಾಕೆಟ್ ಒಂದೇ ಆಗಿದ್ದಾಗ. 1151 ಇದಕ್ಕೆ ತಕ್ಕ ನಿದರ್ಶನ. 2015ರ ಆರನೆಯ ತಲೆಮಾರು, 2017ರ ಆರಂಭದ ಏಳನೆಯ ತಲೆಮಾರು, ಅದೇ ವರ್ಷದ ಕೊನೆಗೆ ಬಂದ ಎಂಟನೆಯ ತಲೆಮಾರು, ಅನಂತರದ ಒಂಬತ್ತನೆಯದು, ಈ ನಾಲ್ಕಕ್ಕೂ ಬಿಂದುಗಳು 1151; ಆಕಾರವೂ ಒಂದೇ. ಆದರೂ ಆರು ಮತ್ತು ಏಳನೆಯ ತಲೆಮಾರುಗಳಿಗಾಗಿ ತಯಾರಾದ 100 ಮತ್ತು 200ರ ಮಾಲಿಕೆಯ ಬೋರ್ಡುಗಳಲ್ಲಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಕೆಲಸ ಮಾಡುವುದಿಲ್ಲ. ಅದಕ್ಕೆ 300ರ ಮಾಲಿಕೆಯ ಬೋರ್ಡೇ ಬೇಕು. ಕೆಲವು ಬಿಂದುಗಳ ಉಪಯೋಗವನ್ನೇ ಸಂಸ್ಥೆಯವರು ಬದಲಿಸಿದ್ದರು. ಕೀಲಿಕೈ ಬೀಗದೊಳಗೆ ನುಸುಳಿದ ಮಾತ್ರಕ್ಕೆ ಬಾಗಿಲು ತೆರೆಯಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಈಗ ಹೇಳಿದ 100, 200, 300 ಎಂಬವು ಚಿಪ್‌ಸೆಟ್ಟಿನ ಮಾಲಿಕೆಗಳು. ಪ್ರೊಸೆಸರಿಗೂ, ಬೋರ್ಡಿನಲ್ಲಿರುವ ಹಾರ್ಡ್ ಡಿಸ್ಕ್, ಯು.ಎಸ್.ಬಿ. ಮುಂತಾದ ಉಳಿದ ಅಂಗಗಳಿಗೂ ನಡುವೆ ವ್ಯವಹಾರ ನಡೆಸುವ ಗುಮಾಸ್ತನೆಂದು ಚಿಪ್‌ಸೆಟ್ಟನ್ನು ಭಾವಿಸಬಹುದು. ಅದನ್ನು ಬೋರ್ಡಿಗೆ ಬೆಸೆದೇ ಕಳಿಸಿರುತ್ತಾರೆ, ಬದಲಾಯಿಸಲು ಬರುವುದಿಲ್ಲ. ನಮ್ಮ ಎಚ್61 ಎಂಬುದು 2011ರಲ್ಲಿ ಬಂದ ಇಂಥ ಒಂದು ಚಿಪ್‌ಸೆಟ್. ಅಗ್ಗವಾಗಿದ್ದುದರಿಂದ ನಮ್ಮ ದೇಶದ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸೈಬರ್ ಕೇಂದ್ರಗಳಲ್ಲಿ ಎಲ್ಲೆಲ್ಲಿಯೂ ಹರಡಿತು. ಇಂದಿಗೂ ಹಳೆಯ ಯಂತ್ರವೊಂದರ ಮುಚ್ಚಳ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವ ಹೆಸರು ಬಹುಮಟ್ಟಿಗೆ ಅದೇ. ಸ್ವಭಾವತಃ ಅದು ಎರಡನೆಯ ತಲೆಮಾರಿನ ಒಡನಾಡಿ. 2012ರಲ್ಲಿ ಬಂದ ಮೂರನೆಯ ತಲೆಮಾರನ್ನೂ ಒಪ್ಪಿಕೊಳ್ಳಬಲ್ಲುದು. ಆದರೆ ಒಂದು ಷರತ್ತಿನ ಮೇಲೆ. ಆ ಷರತ್ತೇ ಬಯಾಸ್.

ಯಂತ್ರದ ಗುಂಡಿ ಒತ್ತಿದ ಕ್ಷಣದಲ್ಲಿ, ವಿಂಡೋಸ್ ಮೊದಲಾದುವು ಏಳುವುದಕ್ಕೂ ಮುಂಚೆ, ಬೋರ್ಡಿನ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿ ಬರೆದಿಟ್ಟಿರುವ ಕ್ರಮವಿಧಿ ಎಚ್ಚರಗೊಂಡು ಪ್ರೊಸೆಸರ್ ಯಾವುದು, ರ್ಯಾಮ್ ಎಷ್ಟು, ಡಿಸ್ಕ್ ಎಲ್ಲಿದೆ ಎಂಬುದನ್ನು ವಿಚಾರಿಸುತ್ತದೆ. ಇದೇ ಬಯಾಸ್. ಕಾರ್ಖಾನೆಯಿಂದ ಹೊರಟ ದಿನ ಯಾವ ಯಾವ ಪ್ರೊಸೆಸರುಗಳು ಹುಟ್ಟಿದ್ದವೋ ಅವುಗಳ ಪರಿಚಯ ಮಾತ್ರ ಅದಕ್ಕಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನನ್ನು ತರಗತಿಗೆ ಸೇರಿಸಿಕೊಳ್ಳದ ಉಪಾಧ್ಯಾಯರಂತೆ, ತನ್ನ ಪಟ್ಟಿಯಲ್ಲಿಲ್ಲದ ಪ್ರೊಸೆಸರನ್ನು ಅದು ಎಬ್ಬಿಸುವುದಿಲ್ಲ. ತಯಾರಕರು ಕಾಲಕಾಲಕ್ಕೆ ಬಯಾಸಿನ ಹೊಸ ಆವೃತ್ತಿಗಳನ್ನು ಹೊರಡಿಸಿ ಹೊಸ ಹೆಸರುಗಳನ್ನು ಸೇರಿಸುತ್ತಾರೆ. ನಮ್ಮ ನಾಲ್ಕು ಬೋರ್ಡುಗಳಲ್ಲಿ ಎರಡರ ಬಯಾಸ್ 2011ರದು, ಎರಡರದು 2012ರ ಕೊನೆಯದು. ಕಪ್ಪು ಪರದೆಯ ರಹಸ್ಯವೆಲ್ಲ ಆ ಒಂದು ವರ್ಷದ ಅಂತರದಲ್ಲಿತ್ತು.

ಈ ಮಾತು ಬರಿಯ ಹಳೆಯ ಡೆಸ್ಕ್‌ಟಾಪುಗಳಿಗೆ ಸಂಬಂಧಿಸಿದ್ದಲ್ಲ. ಇಂಟೆಲ್ ಸಂಸ್ಥೆಯ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ವಿನ್ಯಾಸಗೊಳಿಸಿದ ಜಿಯಾನ್ 7400 ಮಾಲಿಕೆಯ ಆರು ಕೋರುಗಳ ಪ್ರೊಸೆಸರ್ 2008ರ ಸೆಪ್ಟೆಂಬರಿನಲ್ಲಿ ಹೊರಬಂದಿತು. 190 ಕೋಟಿ ಟ್ರಾನ್ಸಿಸ್ಟರುಗಳನ್ನು ಒಳಗೊಂಡ ಆ ಚಿಪ್ಪು ನಮ್ಮ ನಾಡಿಗೆ ಹೆಮ್ಮೆಯ ವಿಷಯ. ಪತ್ರಿಕೆಗಳು ಟ್ರಾನ್ಸಿಸ್ಟರುಗಳ ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಅಚ್ಚುಮಾಡಿದವು. ಆದರೆ ಕೊಳ್ಳುವವರಿಗೆ ಅಷ್ಟೇ ಮುಖ್ಯವಾಗಿದ್ದ ಇನ್ನೊಂದು ಗುಣ ಅದಕ್ಕಿತ್ತು. ಹಿಂದಿನ 7300 ಮಾಲಿಕೆಗಾಗಿ ಕೊಂಡಿದ್ದ ದೊಡ್ಡ ಸರ್ವರುಗಳ ಸಾಕೆಟ್ಟಿಗೂ ಚಿಪ್‌ಸೆಟ್ಟಿಗೂ ಹೊಂದುವಂತೆಯೇ ಅದನ್ನು ರೂಪಿಸಲಾಗಿತ್ತು. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಎಸೆಯದೆ ಪ್ರೊಸೆಸರನ್ನಷ್ಟೇ ಬದಲಿಸಿಕೊಳ್ಳಬಹುದಾಗಿತ್ತು. ಹೊಂದಾಣಿಕೆ ಎಂಬುದು ತಾನಾಗಿ ಒದಗುವುದಲ್ಲ, ತಯಾರಕರು ಮನಸ್ಸು ಮಾಡಿ ಉಳಿಸಿಕೊಡುವುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಎ.ಎಂ.ಡಿ.ಯವರ ಎ.ಎಂ.4 ಸಾಕೆಟ್ಟಿನ ಕಥೆಯೂ ಇಂಥದೇ: 2017ರ ಮೊದಲ ರೈಜನ್ ಪ್ರೊಸೆಸರುಗಳೊಡನೆ ಕೊಂಡ 300 ಮಾಲಿಕೆಯ ಅನೇಕ ಬೋರ್ಡುಗಳಿಗೆ, 2020ರಲ್ಲಿ ಬಂದ 5000 ಮಾಲಿಕೆಯ ಪರಿಚಯ ಬಯಾಸಿನ ಮೂಲಕ ದೊರೆತದ್ದು 2022ರಲ್ಲಿ. ಹೀಗಾಗಿ, ಹಳೆಯ ಯಂತ್ರದಲ್ಲಿರುವುದು ಎ.ಎಂ.4 ಬೋರ್ಡಾಗಿದ್ದರೆ ಪ್ರೊಸೆಸರ್ ಬದಲಾವಣೆಯಿಂದ ನಿಜವಾದ ಲಾಭ ದೊರೆಯುವ ಸಂಭವ ಹೆಚ್ಚು.

ಹಾಗಾದರೆ ತಿಳಿಯುವುದು ಹೇಗೆ? ಪೆಟ್ಟಿಗೆ ಬಿಚ್ಚುವ ಮುನ್ನವೇ ಅರ್ಧ ಉತ್ತರ ದೊರೆಯುತ್ತದೆ. ವಿಂಡೋಸ್ ಯಂತ್ರದಲ್ಲಿ ಕೀಲಿಮಣೆಯ ವಿಂಡೋಸ್ ಗುರುತಿನ ಕೀಲಿಯನ್ನು ಒತ್ತಿಹಿಡಿದು ಆರ್ ಅಕ್ಷರವನ್ನು ಒತ್ತಿದರೆ ಒಂದು ಚಿಕ್ಕ ಚೌಕಟ್ಟು ತೆರೆಯುತ್ತದೆ. ಅದರಲ್ಲಿ ಎಂ, ಎಸ್, ಐ, ಎನ್, ಎಫ್, ಓ ಎಂಬ ಇಂಗ್ಲಿಷ್ ಅಕ್ಷರಗಳನ್ನೂ 32 ಎಂಬ ಅಂಕಿಯನ್ನೂ ಎಡೆಬಿಡದೆ ಬರೆದು ಎಂಟರ್ ಒತ್ತಿದರೆ ಯಂತ್ರದ ಜಾತಕವೇ ಎದುರಿಗೆ ಬರುತ್ತದೆ. ಅದರಲ್ಲಿ ಗುರುತಿಸಿಕೊಳ್ಳಬೇಕಾದುವು ಪ್ರೊಸೆಸರಿನ ಪೂರ್ಣ ಹೆಸರು, ಬೇಸ್‌ಬೋರ್ಡ್ ಎಂಬಲ್ಲಿ ಕಾಣುವ ತಯಾರಕರ ಮತ್ತು ಮಾದರಿಯ ಹೆಸರು, ಬಯಾಸಿನ ಆವೃತ್ತಿ ಹಾಗೂ ದಿನಾಂಕ. ಸಿ.ಪಿ.ಯು.-ಝಡ್ ಎಂಬ ಉಚಿತ ತಂತ್ರಾಂಶವು ಸಾಕೆಟ್ಟನ್ನೂ ಚಿಪ್‌ಸೆಟ್ಟನ್ನೂ ಹೆಸರಿಸಿ ತೋರಿಸುತ್ತದೆ. ಯಂತ್ರ ಏಳದಿದ್ದರೆ ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನು ಟಾರ್ಚ್ ಹಿಡಿದು ಓದಿಕೊಳ್ಳಬೇಕು. ಪಕ್ಕದಲ್ಲಿ ರಿವಿಷನ್ ಸಂಖ್ಯೆಯಿದ್ದರೆ ಅದನ್ನೂ ಬಿಡಬಾರದು. ಒಂದೇ ಹೆಸರಿನ ಬೋರ್ಡಿನ ಎರಡು ರಿವಿಷನ್ನುಗಳಿಗೆ ಬೇರೆ ಬೇರೆ ಬಯಾಸ್ ಇರುವುದುಂಟು.

ಮಾದರಿಯ ಹೆಸರು ಕೈಗೆ ಬಂದ ಮೇಲೆ ಬೋರ್ಡ್ ತಯಾರಕರ ಅಂತರ್ಜಾಲ ತಾಣದಲ್ಲಿ ಆ ಮಾದರಿಯ ಪುಟ ತೆರೆದು ಸಿ.ಪಿ.ಯು. ಸಪೋರ್ಟ್ ಲಿಸ್ಟ್ ಎಂಬ ಪಟ್ಟಿಯನ್ನು ಹುಡುಕಬೇಕು. ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಈ ಪಟ್ಟಿಯನ್ನು ನೆನಪಿಡಿ. ಅಂಗಡಿಯವರ ಭರವಸೆ, ಮಿತ್ರರ ಅನುಭವ, "ನಮ್ಮ ಆಫೀಸಿನಲ್ಲಿ ನಡೆಯಿತಲ್ಲ" ಎಂಬ ಮಾತು, ಯಾವುದೂ ಇದಕ್ಕೆ ಸಮನಲ್ಲ. ಪಟ್ಟಿಯಲ್ಲಿ ಪ್ರತಿಯೊಂದು ಪ್ರೊಸೆಸರಿನ ಎದುರು, ಅದು ಯಾವ ಬಯಾಸ್ ಆವೃತ್ತಿಯಿಂದ ಮೊದಲ್ಗೊಂಡು ನಡೆಯುತ್ತದೆ ಎಂಬುದನ್ನು ಬರೆದಿರುತ್ತಾರೆ. ನಮ್ಮಲ್ಲಿರುವ ಆವೃತ್ತಿ ಅದಕ್ಕಿಂತ ಹೊಸದಾಗಿದ್ದರೆ ನಿಶ್ಚಿಂತೆ; ಹಳೆಯದಾಗಿದ್ದರೆ ಮೊದಲು ಬಯಾಸ್ ಬದಲಿಸಿ, ಅನಂತರ ಪ್ರೊಸೆಸರ್. ಹೆಸರೇ ಇಲ್ಲದಿದ್ದರೆ ಕೊಳ್ಳುವ ಯೋಚನೆಯನ್ನು ಕೈಬಿಡುವುದೇ ವಿವೇಕ. ಕಚೇರಿಗಳಿಂದ ಬರುವ ದೊಡ್ಡ ಕಂಪನಿಗಳ ಸಿದ್ಧಯಂತ್ರಗಳಲ್ಲಿ ಇನ್ನೂ ಒಂದು ತೊಡಕಿದೆ. ಚಿಪ್‌ಸೆಟ್ ಒಪ್ಪಿದರೂ ಆ ಮಾದರಿಗೆ ಮುಂದಿನ ತಲೆಮಾರಿನ ಬಯಾಸನ್ನು ಕಂಪನಿಯವರು ಹೊರಡಿಸದೆಯೇ ಇರಬಹುದು. ಆದ್ದರಿಂದ ಚಿಪ್‌ಸೆಟ್ಟಿನ ಹೆಸರನ್ನು ನೋಡಿ ತೀರ್ಮಾನಿಸದೆ ಯಂತ್ರದ ಮಾದರಿಯನ್ನೇ ಹಿಡಿದು ನೋಡಬೇಕು. ನಾನು ತಪ್ಪಿದ್ದು ಇಲ್ಲಿಯೇ.

ಬಯಾಸ್ ಬದಲಿಸುವ ಕಾರ್ಯ ಅರ್ಧ ಗಂಟೆಯೊಳಗಿನದು. ಪೆನ್‌ಡ್ರೈವಿನಲ್ಲಿ ಹೊಸ ಆವೃತ್ತಿಯ ಕಡತವನ್ನು ಇಟ್ಟು, ಬೋರ್ಡಿನ ಬಯಾಸ್ ಪರದೆಯಲ್ಲಿಯೇ ಇರುವ ಸಾಧನದಿಂದ ಬರೆಸುವುದು ಸಾಮಾನ್ಯ ಕ್ರಮ. ಆದರೆ ಬರೆಯುತ್ತಿರುವ ನಡುವೆ ವಿದ್ಯುತ್ತು ಹೋದರೆ ಬೋರ್ಡ್ ನಿಷ್ಪ್ರಯೋಜಕವಾಗುವ ಭಯವಿದೆ. ಆಗ ಚಿಪ್ಪನ್ನು ಕಿತ್ತು ಹೊರಗಿನ ಯಂತ್ರದಿಂದ ಬರೆಸಬೇಕು. ಆ ಕೆಲಸ ಬಲ್ಲವರು ಎಲ್ಲ ಊರಿನಲ್ಲಿಯೂ ಸಿಕ್ಕುವುದಿಲ್ಲ. ಹಳ್ಳಿಗಾಡಿನ ಕರೆಂಟಿನ ಸ್ವಭಾವವನ್ನು ನಮ್ಮ ವಾಚಕರಿಗೆ ಬೇರೆ ವಿವರಿಸಬೇಕಾಗಿಲ್ಲ. ದೇವರಾಯನದುರ್ಗದ ಕಡೆ ಮೋಡ ಕವಿದು ಗಾಳಿ ಎದ್ದರೆ ಸಾಕು, ಊರ್ಡಿಗೆರೆಯಲ್ಲಿ ಟ್ಯೂಬ್‌ಲೈಟು ಕಣ್ಣುಮಿಟುಕಿಸತೊಡಗುತ್ತದೆ. ಆದುದರಿಂದ ಯು.ಪಿ.ಎಸ್. ಇಲ್ಲದೆ ಈ ಕಾರ್ಯಕ್ಕೆ ಇಳಿಯಬಾರದು, ಆ ಯು.ಪಿ.ಎಸ್.ನ ಬ್ಯಾಟರಿ ನಿಜವಾಗಿ ಹತ್ತು ನಿಮಿಷ ತಡೆಯುತ್ತದೆಯೇ ಎಂಬುದನ್ನು ಪ್ಲಗ್ ಕಿತ್ತು ಮೊದಲೇ ಪರೀಕ್ಷಿಸಿರಬೇಕು. ನಮ್ಮ ಎರಡು ಬೋರ್ಡುಗಳಿಗೆ ಬಯಾಸ್ ಬರೆದದ್ದು ಒಂದು ಭಾನುವಾರ ಬೆಳಗಿನ ಏಳು ಗಂಟೆಗೆ, ಮಠದ ಜನರೇಟರನ್ನು ಸಿದ್ಧವಾಗಿಟ್ಟುಕೊಂಡು. ಹಳೆಯ ಪ್ರೊಸೆಸರನ್ನು ಆಗ ಮತ್ತೆ ಕೂರಿಸಬೇಕಾಯಿತು, ಏಕೆಂದರೆ ಹೊಸದನ್ನು ಗುರುತಿಸದ ಬೋರ್ಡು ಬಯಾಸ್ ಪರದೆಯನ್ನು ತೋರಿಸುವುದಾದರೂ ಹೇಗೆ? ಕೆಲಸ ಮುಗಿಯುವ ತನಕ ಹಳೆಯ ಪ್ರೊಸೆಸರನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಹಾಗೆಯೇ ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನೂ, ಸಿ.ಆರ್.2032 ಎಂದು ಅದರ ಹೆಸರು, ಈ ಸಂದರ್ಭದಲ್ಲಿ ಬದಲಿಸಿಬಿಡುವುದು ಒಳ್ಳೆಯದು. ದಿನಾಂಕ ಪ್ರತಿಬಾರಿ ಹಿಂದಕ್ಕೆ ಹೋಗುವ ಯಂತ್ರಗಳ ರೋಗ ಬಹುಪಾಲು ಅದೇ.

ಇನ್ನು ಶಾಖದ ವಿಚಾರ. ಪ್ರೊಸೆಸರಿಗೆ ಇಷ್ಟು ವಾಟ್ ಎಂದು ಒಂದು ಅಂಕಿ ಕೊಟ್ಟಿರುತ್ತಾರೆ. ಅದು ಹೊರಚೆಲ್ಲುವ ಶಾಖದ ಅಳತೆ. ಐ3-2120ಕ್ಕೆ 65 ವಾಟ್, ಐ5-3470ಕ್ಕೆ 77, ಎರಡನೆಯ ತಲೆಮಾರಿನ ಐ7-2600ಕ್ಕೆ 95. ಎಪ್ಪತ್ತೇಳನ್ನು ಹಳೆಯ ಫ್ಯಾನು ಹೇಗೋ ಸಂಭಾಳಿಸೀತು; ತೊಂಬತ್ತೈದಕ್ಕೆ ತಾಮ್ರದ ತಿರುಳಿರುವ ದಪ್ಪ ಹೀಟ್‌ಸಿಂಕ್ ಬೇಕು. ಒಂದೇ ತಲೆಮಾರಿನಲ್ಲಿ ಹೆಸರಿನ ಕೊನೆಗೆ ಎಸ್ ಅಥವಾ ಟಿ ಅಕ್ಷರವಿರುವವು ಕಡಮೆ ಶಾಖದವು. ಕಿರಿದಾದ ಪೆಟ್ಟಿಗೆಗೆ ಅಂಥವೇ ಲೇಸು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಹತ್ತು ವರ್ಷಕ್ಕೆ ಒಣಗಿ ಸುಣ್ಣದಂತಾಗಿರುತ್ತದೆ. ಅದನ್ನು ಒರೆಸಿ ಕಡಲೆಕಾಳಿನಷ್ಟು ಹೊಸದನ್ನು ಹಾಕದೆ ಫ್ಯಾನು ಕೂರಿಸಬಾರದು. ವಿದ್ಯುತ್ತನ್ನು ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಮೇಲೆ 450 ವಾಟ್ ಎಂದು ಬರೆದಿದ್ದ ಮಾತ್ರಕ್ಕೆ ಅಷ್ಟು ಕೊಟ್ಟೀತೆಂದು ನಂಬುವ ವಯಸ್ಸು ಈ ಲೇಖಕನದಲ್ಲ. ಬೋರ್ಡಿನ ಮೇಲಿನ ಸಿಲಿಂಡರಿನಾಕಾರದ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ ಆ ಬೋರ್ಡಿಗೆ ಒಂದು ರೂಪಾಯಿಯನ್ನೂ ಹಾಕದಿರುವುದು ಉತ್ತಮ.

ಇಷ್ಟೆಲ್ಲ ಹೊಂದಿತು ಎನ್ನೋಣ. ಮೇಲೆ ಹೇಳಿದ ಘಟನೆಯಲ್ಲಿ ನಾನು ಈವರೆಗೆ ಹೇಳದೆ ಉಳಿಸಿದ ಭಾಗವೊಂದಿದೆ. ನಾಲ್ಕು ಯಂತ್ರಗಳೂ ಕೊನೆಗೆ ಎದ್ದವು. ನಾಲ್ಕು ಕೋರುಗಳ ಪ್ರೊಸೆಸರುಗಳು ನಿರಾತಂಕವಾಗಿ ನಡೆದವು. ಆದರೆ ಗುಂಡಿ ಒತ್ತಿ ವಿಂಡೋಸ್ ತೆರೆದು ಮಕ್ಕಳು ಕೆಲಸ ಆರಂಭಿಸುವ ಹೊತ್ತಿಗೆ ಹಿಂದಿನಂತೆಯೇ ಐದು ನಿಮಿಷ ಹಿಡಿಯುತ್ತಿತ್ತು! ನಿಧಾನಕ್ಕೆ ಕಾರಣ ಪ್ರೊಸೆಸರೇ ಆಗಿರಲಿಲ್ಲ. ಹಾರ್ಡ್ ಡಿಸ್ಕ್ ಎಂಬುದು ತಿರುಗುವ ತಟ್ಟೆ. ಮಿನಿಟಿಗೆ 7200 ಸುತ್ತು ತಿರುಗಿದರೂ, ಚದುರಿ ಹೋದ ಒಂದೊಂದು ತುಣುಕನ್ನು ಹುಡುಕಲು ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಕಾಲ ಬೇಕು. ವಿಂಡೋಸ್ ಏಳುವಾಗ ಅಂಥ ತುಣುಕುಗಳು ಸಾವಿರ ಸಾವಿರ. ಪ್ರೊಸೆಸರ್ ಎಷ್ಟು ಚುರುಕಾಗಿದ್ದರೇನು, ಉಗ್ರಾಣದವನು ಸಾಮಾನು ತಂದುಕೊಡುವ ತನಕ ಅಡಿಗೆಭಟ್ಟ ಕೈಕಟ್ಟಿ ನಿಲ್ಲಲೇಬೇಕು. ತಟ್ಟೆಯಿಲ್ಲದ ಎಸ್.ಎಸ್.ಡಿ.ಗೆ ಅದೇ ಹುಡುಕಾಟಕ್ಕೆ ಅದರ ನೂರರಲ್ಲಿ ಒಂದು ಪಾಲೇ ಸಾಕು. ಎಚ್61 ಬೋರ್ಡಿನ ಸಾಟಾ ದಾರಿ ಹಳೆಯ ಕಾಲದ್ದು, ಸೆಕೆಂಡಿಗೆ ಸುಮಾರು 300 ಎಂ.ಬಿ.ಯ ಮೇಲೆ ಹೋಗಲಾರದು. ಆದರೂ ಮುಂದಿನ ವರ್ಷ ಒಂದು ಯಂತ್ರಕ್ಕೆ ಎಸ್.ಎಸ್.ಡಿ. ಹಾಕಿದಾಗ ಅದು ಅರ್ಧ ನಿಮಿಷದಲ್ಲಿ ಎದ್ದು ನಿಂತಿತು. ಹುಡುಗರು ಆ ಒಂದು ಯಂತ್ರಕ್ಕಾಗಿ ಜಗಳವಾಡತೊಡಗಿದರು.

ಆದಕಾರಣ, ಪ್ರೊಸೆಸರಿನ ಹೊಂದಾಣಿಕೆಯನ್ನು ನೋಡುವುದಕ್ಕೂ ಮುಂಚೆ, ಯಂತ್ರ ಕಾಯುತ್ತಿರುವುದು ಯಾರನ್ನು ಎಂಬುದನ್ನು ನೋಡಬೇಕು. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರ ಒದ್ದಾಡುತ್ತಿರುವ ಹೊತ್ತಿನಲ್ಲಿಯೇ ಅದರ ಪರ್ಫಾರ್ಮೆನ್ಸ್ ಪುಟವನ್ನು ನೋಡಿ. ಡಿಸ್ಕಿನ ಎದುರು ನೂರಕ್ಕೆ ನೂರು ಇದ್ದು ಪ್ರೊಸೆಸರಿನ ಎದುರು ಹದಿನೈದೋ ಇಪ್ಪತ್ತೋ ಇದ್ದರೆ ಬೇಕಾದುದು ಎಸ್.ಎಸ್.ಡಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ಬೇಕಾದುದು ರ್ಯಾಮ್. ರ್ಯಾಮಿಗೂ ತನ್ನದೇ ಹೊಂದಾಣಿಕೆಗಳುಂಟು: 1155ರ ಕಾಲದ ಬೋರ್ಡಿಗೆ ಡಿ.ಡಿ.ಆರ್.3 ಬೇಕು, ಡಿ.ಡಿ.ಆರ್.4ರ ಕಚ್ಚೇ ಬೇರೆ. ವಿಂಡೋಸ್ 32 ಬಿಟ್ಟಿನದಾಗಿದ್ದರೆ ಎಂಟು ಜಿ.ಬಿ. ಹಾಕಿಯೂ ನಾಲ್ಕಕ್ಕಿಂತ ಕಡಮೆಯನ್ನೇ ಅದು ಬಳಸಿಕೊಂಡೀತು. ಮೊದಲು 64 ಬಿಟ್ಟಿನದಕ್ಕೆ ಬದಲಾಗಬೇಕು. ಪ್ರೊಸೆಸರಿನ ಎದುರೇ ನೂರು ಕಂಡರೆ, ಅದೂ ದಿನನಿತ್ಯದ ಕೆಲಸದಲ್ಲಿ ಎಡೆಬಿಡದೆ ಕಂಡರೆ, ಆಗ ಮಾತ್ರ ಈ ಲೇಖನದ ಮೊದಲರ್ಧ ಉಪಯೋಗಕ್ಕೆ ಬರುತ್ತದೆ. ಎರಡು ಕೋರುಗಳ ಸೆಲೆರಾನ್, ಪೆಂಟಿಯಂ ಇರುವ ಯಂತ್ರಗಳಲ್ಲಿ ಪಾಠದ ವಿಡಿಯೋ ತೆರೆದಾಗ ಹೀಗಾಗುವುದನ್ನು ಕಂಡಿದ್ದೇನೆ. ಅಂಥವಕ್ಕೆ ಅದೇ ಬೋರ್ಡಿನ ಪಟ್ಟಿಯಲ್ಲಿರುವ ನಾಲ್ಕು ಕೋರುಗಳ ಬಳಸಿದ ಪ್ರೊಸೆಸರ್ ಹಾಕಿಸುವುದು ದುಡ್ಡಿಗೆ ತಕ್ಕ ಕೆಲಸವೇ ಸರಿ.

ದಾನಿಗಳು ಕೇಳುವ ಇನ್ನೊಂದು ಪ್ರಶ್ನೆ ವಿಂಡೋಸ್ 11ರದು. 2021ರ ಅಕ್ಟೋಬರಿನಲ್ಲಿ ಹೊರಬಂದ ಅದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರು ವಿಧಿಸಿದ ನಿಯಮದಂತೆ ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಮುಂದಿನದೋ ಆಗಿರಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವೂ ಬೇಕು. 1155ರ ಬೋರ್ಡಿಗೆ ಅತ್ಯುತ್ತಮವಾದ ಐ7-3770 ತಂದು ಹಾಕಿದರೂ ಈ ನಿಯಮವನ್ನು ದಾಟಲಾಗದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಶಾಲೆಯ ಕಚೇರಿಯಲ್ಲಿ ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ವಿವರ ತುಂಬುವ, ಹಣಕಾಸಿನ ವ್ಯವಹಾರ ಮಾಡುವ ಯಂತ್ರ ಭದ್ರತೆಯ ತಿದ್ದುಪಡಿಗಳಿಲ್ಲದೆ ಉಳಿಯುವುದು ಉಚಿತವಲ್ಲ. ಅದೊಂದನ್ನು ಹೊಸದಾಗಿಯೇ ಕೊಳ್ಳಬೇಕು. ಮಕ್ಕಳ ಪ್ರಯೋಗಾಲಯದ ಮಾತು ಬೇರೆ. ಅಲ್ಲಿ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳನ್ನು ಹಳೆಯ ಯಂತ್ರದಲ್ಲಿ ಹಾಕಿ, ಶುಲ್ಕವಿಲ್ಲದೆ, ಈಗಲೂ ತಿದ್ದುಪಡಿಗಳನ್ನು ಪಡೆಯುತ್ತ ನಡೆಸಬಹುದು. ಕೆ.ಪಿ. ರಾಯರ ವಿನ್ಯಾಸದಿಂದ ಬಂದ, ನಮ್ಮ ಉಪಾಧ್ಯಾಯರ ಬೆರಳುಗಳಿಗೆ ಒಗ್ಗಿರುವ ಕನ್ನಡ ಕೀಲಿಮಣೆ ಅದರಲ್ಲಿಯೂ ದೊರೆಯುತ್ತದೆ. ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾದೀತು. ಇದಕ್ಕೆ ಬೇಸರಪಟ್ಟುಕೊಂಡು ಹೊಸ ಪೆಟ್ಟಿಗೆ ಕೇಳುವ ಸಹೋದ್ಯೋಗಿಗಳೂ ನಮ್ಮಲ್ಲಿದ್ದಾರೆ. ಅವರ ಕ್ಷಮೆ ಕೋರುತ್ತೇನೆ.

ಕೊಳ್ಳಲೇಬೇಕೆಂದಾಗ ದಾರಿ ಮತ್ತೆ ಎಸ್.ಪಿ. ರಸ್ತೆಗೇ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣನಾಮವನ್ನು ಬಹುಮಂದಿ ಮರೆತಿದ್ದಾರೆ, ಆ ಇಕ್ಕಟ್ಟಾದ ಬೀದಿಯ ಅಂಗಡಿಗಳಲ್ಲಿ ಸಿಕ್ಕದ ಗಣಕಯಂತ್ರದ ಬಿಡಿಭಾಗ ಅಪರೂಪ. ಬೋರ್ಡಿನ ಮಾದರಿ, ರಿವಿಷನ್, ಬಯಾಸ್ ಆವೃತ್ತಿ, ಪಟ್ಟಿಯಲ್ಲಿ ಕಂಡ ಪ್ರೊಸೆಸರಿನ ಹೆಸರು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಬೇಕು. ಇಂಟೆಲ್ ಪ್ರೊಸೆಸರಿನ ಲೋಹದ ಬೆನ್ನಿನ ಮೇಲೆ ಮಾದರಿಯ ಹೆಸರಿನ ಜೊತೆಗೆ, ಎಸ್ ಅಕ್ಷರದಿಂದ ಆರಂಭವಾಗುವ ಐದಕ್ಷರದ ಗುರುತೊಂದನ್ನು ಕೊರೆದಿರುತ್ತಾರೆ. ಅದನ್ನು ಅಂತರ್ಜಾಲದಲ್ಲಿ ಹುಡುಕಿ ಹೆಸರಿಗೆ ಹೊಂದುವುದೇ ಎಂದು ನೋಡಬಹುದು. ಮಾದರಿಯ ಹೆಸರಿರಬೇಕಾದಲ್ಲಿ ಕಾನ್ಫಿಡೆನ್ಷಿಯಲ್ ಎಂದು ಕೊರೆದಿದ್ದರೆ ಅದು ಪರೀಕ್ಷೆಗಾಗಿ ತಯಾರಿಸಿದ ನಮೂನೆ, ಅಗ್ಗವೆಂದು ತರಬೇಡಿ. ಅಂಗಡಿಯಲ್ಲಿಯೇ ಒಂದು ಬೋರ್ಡಿಗೆ ಹಾಕಿ ಎಬ್ಬಿಸಿ ತೋರಿಸಲು ಕೇಳಿ, ಒಂದು ವಾರದೊಳಗೆ ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಳೆಯ ಯಂತ್ರಗಳನ್ನು ಶಾಲೆಗೆ ಕೊಡಬಯಸುವವರಲ್ಲಿ ಒಂದು ವಿಜ್ಞಾಪನೆ. ಯಂತ್ರವನ್ನು ಸಾಗಿಸುವ ಮೊದಲು ಮೇಲೆ ಹೇಳಿದ ಜಾತಕದ ಪುಟವನ್ನು ಫೋನಿನಲ್ಲಿ ಚಿತ್ರ ತೆಗೆದು ಕಳಿಸಿಕೊಟ್ಟರೆ ಅದಕ್ಕೆ ಏನು ಸೇರಿಸಬಹುದು, ಏನು ಸೇರಿಸಲಾಗದು ಎಂಬುದನ್ನು ಇಲ್ಲಿಯೇ ನೋಡಿ ತಿಳಿಸಬಹುದು. ಹಣ ಕಳಿಸುವವರು "ಪ್ರೊಸೆಸರಿಗಾಗಿ" ಎಂದು ನಮೂದಿಸದೆ "ಪ್ರಯೋಗಾಲಯಕ್ಕಾಗಿ" ಎಂದರೆ ಯಾವ ಯಂತ್ರಕ್ಕೆ ಏನು ಕೊರತೆಯೋ ಅದನ್ನೇ ತುಂಬಲು ಅನುಕೂಲವಾಗುತ್ತದೆ. ಈಗ ಪ್ರಯೋಗಾಲಯದ ಪ್ರತಿಯೊಂದು ಕ್ಯಾಬಿನೆಟ್ಟಿನ ಒಳಮುಚ್ಚಳಕ್ಕೂ ಒಂದು ಚೀಟಿ ಅಂಟಿಸಿದ್ದೇವೆ: ಬೋರ್ಡು, ಬಯಾಸ್, ಪ್ರೊಸೆಸರ್, ರ್ಯಾಮ್, ಯಾವ ದಿನ ಏನು ಬದಲಾಯಿತು, ಯಾರ ಕೊಡುಗೆಯಿಂದ ಎಂಬುದಿಷ್ಟೂ ಅದರಲ್ಲಿದೆ. ಅದೇ ವಿವರವನ್ನು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಪ್ರಯೋಗಾಲಯದ ದಾಸ್ತಾನು ಪುಸ್ತಕದಲ್ಲಿಯೂ ಬರೆದಿಡುತ್ತಾರೆ. 2022ರಲ್ಲಿ ಬಿಚ್ಚಿ ತೆಗೆದ ನಾಲ್ಕು ಐ3-2120 ಪ್ರೊಸೆಸರುಗಳಲ್ಲಿ ಎರಡು, ಪೆಂಟಿಯಂ ಇದ್ದ ಬೇರೆ ಎರಡು ಎಚ್61 ಬೋರ್ಡುಗಳ ಪಟ್ಟಿಯಲ್ಲಿವೆ ಎಂಬುದನ್ನು ಕಳೆದ ತಿಂಗಳು ಕಂಡುಹಿಡಿದವರೂ ಅವರೇ.